ಮುಕ್ಕಾಲು ಸೆಕೆಂಡು

ಪೋರ್ಟ್ ಆಗಸ್ಟಾ. ಬೆಳಗಿನ ಎಂಟೂವರೆ.
ಕಿಟಕಿಯಾಚೆ ಉಪ್ಪುನೀರಿನ ಕೊಲ್ಲಿ,
ಈಚೆ ನಾನು, ಒಂದು ಕ್ಯಾಮೆರಾ, ಒಂದು ಮೈಕು, ಒಂದು ಲೋಟ ಚಹಾ.
ನನ್ನ ತರಗತಿಗೆ ಬಾಗಿಲಿಲ್ಲ, ಬೆಂಚಿಲ್ಲ.
ತೆರೆಯ ಮೇಲೆ ಆರು ಚೌಕ,
ಚೌಕಕ್ಕೊಂದು ಮಗು.
ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ
ಹಗಲು ಪೂರ್ತಿ ಕೆಂಪು ಧೂಳಿನ ದಾರಿ.

"ಟ್ಯಾಮ್ಸಿನ್?" ಹಾಜರಿ ಕರೆಯುತ್ತೇನೆ.
ಹೆಸರು ಛಾವಣಿಯ ಡಿಶ್ಶಿನಿಂದ ಹಾರಿ
ಮೂವತ್ತಾರು ಸಾವಿರ ಕಿಲೋಮೀಟರು ಮೇಲೇರಿ
ಉಪಗ್ರಹ ಮುಟ್ಟಿ
ಕುರಿದೊಡ್ಡಿಯ ಪಕ್ಕದ ತಗಡಿನ ಶೆಡ್ಡಿಗೆ ಇಳಿದು,
ಅಲ್ಲಿಂದ ಒಂದು "ಯೆಸ್ ಮಿಸ್" ಹೊತ್ತುಕೊಂಡು
ಮತ್ತೆ ಆಕಾಶ ಹತ್ತಿ ಬರುವಷ್ಟರಲ್ಲಿ
ಮುಕ್ಕಾಲು ಸೆಕೆಂಡು.

ಅದೇನು ಮಹಾ, ರೆಪ್ಪೆ ಬಡಿಯುವ ಹೊತ್ತು, ಅಂದುಕೊಂಡಿದ್ದೆ.
ಮೊದಲ ವಾರ ಅದೇ ನನ್ನ ಉಸಿರು ಕಟ್ಟಿಸಿತು.
ಗಂಗಾವತಿಯಲ್ಲಿ ಹದಿಮೂರು ವರ್ಷ
ಗಣಿತ ಅರೆದು ಕುಡಿಸಿದವಳು ನಾನು;
ಪ್ರಶ್ನೆ ನೆಲ ಮುಟ್ಟುವ ಮೊದಲೇ ಉತ್ತರ ಬೇಕು.
ಇಲ್ಲೂ ಅದೇ ಚಾಳಿ.
ನನ್ನ ಎರಡನೇ ಪ್ರಶ್ನೆ ಅವರ ಮೊದಲ ಉತ್ತರಕ್ಕೆ
ನಡುದಾರಿಯಲ್ಲಿ ಡಿಕ್ಕಿ ಹೊಡೆದು
ಆರೂ ಚೌಕದಲ್ಲಿ ಬರೀ ದನಿಯ ಚೂರು.

ಪಕ್ಕದ ಕೋಣೆಯ ಗ್ಲೆನಿಸ್
ರೇಡಿಯೋ ಕಾಲದಿಂದ ಇಲ್ಲಿ ಪಾಠ ಹೇಳಿದವಳು.
ನಕ್ಕಳು: "ಕೇಳಿದ ಮೇಲೆ ಚಹಾ ಒಂದು ಗುಟುಕು ಕುಡಿ.
ಪೂರ್ತಿ ನುಂಗು. ಆಮೇಲೆ ಬಾಯಿ ತೆರೆ."

ಭಿನ್ನರಾಶಿ ಅಂತ ಜಾಲದಲ್ಲಿ ತಡಕಿದರೆ
ಕುಣಿಯುವ ಪಿಜ್ಜಾ ಸಾವಿರ.
ಫರ್ಗಸ್ ಪಿಜ್ಜಾ ಕಾಣುವುದು ವರ್ಷಕ್ಕೊಮ್ಮೆ, ಅದೂ ತಣ್ಣಗಾದದ್ದು.
ವಿಡಿಯೋ ನಿಲ್ಲಿಸಿ ಕೇಳಿದೆ,
"ನಿಮ್ಮ ನೀರಿನ ಟ್ಯಾಂಕು ಈಗ ಎಷ್ಟು ತುಂಬಿದೆ?"
ಗುಟುಕು.
ಇನ್ನೊಂದು ಗುಟುಕು.
ಚೌಕದಲ್ಲಿ ಹುಡುಗನೇ ಇಲ್ಲ,
ಖಾಲಿ ಕುರ್ಚಿ ತಾನೇ ತಿರುಗುತ್ತಿದೆ.
ಸಂಪರ್ಕ ಹೋಯಿತೆಂದು ಬೇರೆ ಹೆಸರು ತುಟಿಗೆ ಬರುವಾಗ
ಏದುಸಿರು ಬಿಡುತ್ತಾ ಬಂದ, ಕೆನ್ನೆಗೆಲ್ಲ ತುಕ್ಕು:
"ಬಡಿದು ನೋಡಿ ಬಂದೆ ಮಿಸ್.
ಮೇಲಿನ ಮೂರು ಪಟ್ಟಿ ಠಣ್ ಅನ್ನುತ್ತೆ, ಕೆಳಗಿನೆರಡು ದಬ್.
ಐದರಲ್ಲಿ ಎರಡು."

ಆಗ ಯಾಕೋ ನೆನಪಾದಳು ಹುಲಿಗೆಮ್ಮ.
ಏಳನೇ ಬಿ, ಕೊನೇ ಬೆಂಚು.
ಎದ್ದು ನಿಂತು ಲಂಗದ ಅಂಚು ಹಿಂಡುತ್ತಾ
ಇನ್ನೇನು ತುಟಿ ತೆರೆಯಬೇಕು,
ನನ್ನ ಡಸ್ಟರು ಮೇಜು ಬಡಿದಿರುತ್ತಿತ್ತು.
"ಕುಂದ್ರು. ಮುಂದಿನಾಕಿ ಏಳು."
ಅವಳಿಗೂ ನನಗೂ ನಡುವೆ ಎಂಟು ಹೆಜ್ಜೆ.
ಆ ಉತ್ತರ ಅದೆಷ್ಟು ಎತ್ತರ ಹತ್ತಿ ಇಳಿಯಬೇಕಿತ್ತೋ,
ಲೆಕ್ಕದ ಟೀಚರು ನಾನು, ಅಳೆಯಲೇ ಇಲ್ಲ.

ಹೋದ ತಿಂಗಳು ಹೊಸ ಡಿಶ್ ಬಂತು.
ಇದರ ಉಪಗ್ರಹಗಳು ತಗ್ಗಿನಲ್ಲೇ ಸುತ್ತುತ್ತವಂತೆ.
ಏಣಿ ಇಳಿದ ಹುಡುಗ ಕೈ ಒರೆಸಿಕೊಳ್ಳುತ್ತಾ
"ಇನ್ನು ತಡವೇ ಇಲ್ಲ, ಎದುರಿಗೇ ಕೂತ ಹಾಗೆ" ಅಂದ.
ನಿಜ. ಕರೆದ ಬಾಯಿ ಮುಚ್ಚುವುದರೊಳಗೆ ಓಗೊಡುತ್ತಾರೆ.
ಟ್ಯಾಮ್ಸಿನ್‌ಳ ಮಾತೂ ಅವಳ ನಾಯಿಯ ಬೊಗಳೂ ಒಟ್ಟಿಗೇ ಬರುತ್ತವೆ.
ಫರ್ಗಸ್ ಈಗ ಪ್ರಶ್ನೆ ಮುಗಿಯಲೂ ಬಿಡುವುದಿಲ್ಲ.
ಕೆಳಗಿನ ಎಡ ಚೌಕದ ಬ್ರಯನಿ ಮಾತ್ರ
ಇನ್ನೂ ಹಳೆಯ ಉಪಗ್ರಹದಲ್ಲೇ ಇದ್ದಾಳೆ.

ಏಣಿಯ ಹುಡುಗನಿಗೆ ನಾನು ಹೇಳಿಲ್ಲ,
ಹೆಡ್‌ಮಾಸ್ಟರಿಗೂ.
ಹಳೇ ಡಿಶ್ ಗುಜರಿಗೆ ಹೋಯಿತು;
ಅದರೊಳಗಿನ ತಡ ಹೋಗಗೊಡಲಿಲ್ಲ.
ಇಲ್ಲೇ ಇದೆ, ಮೈಕಿನ ಪಕ್ಕ, ಲೋಟದಲ್ಲಿ.

"ಬ್ರಯನಿ, ಮೂರರಲ್ಲಿ ಎರಡು ದೊಡ್ಡದೋ
ನಾಲ್ಕರಲ್ಲಿ ಮೂರು ದೊಡ್ಡದೋ?"
ಫರ್ಗಸ್‌ಗೆ ಕಣ್ಣಲ್ಲೇ ಗದರಿದೆ.
ಗುಟುಕು.
ಅವಳ ಕ್ಯಾಮೆರಾದ ಮೇಲೆ ಒಂದು ನೊಣ ನಡೆಯುತ್ತಿದೆ.
ಗುಟುಕು.
ತಲೆ ಬಗ್ಗಿಸಿದ್ದಾಳೆ, ಬೈತಲೆ ಮಾತ್ರ ಕಾಣುತ್ತದೆ,
ಪೆನ್ಸಿಲ್ಲು ಕಾಗದ ಕೆರೆಯುವ ಸದ್ದು ಸ್ಪಷ್ಟ.
ಹೊಸ ಡಿಶ್ ಚೆನ್ನಾಗಿದೆ.
ಚಹಾ ಮುಗಿಯಿತು, ತಳದ ಗಸಿ ನಾಲಿಗೆಗೆ ತಾಗಿತು.
ಖಾಲಿ ಲೋಟವನ್ನೇ ಎತ್ತಿ
ಇನ್ನೊಮ್ಮೆ ಕುಡಿದೆ.